ಮಾತ್ರೆಗೆ ಮುಂಚಿನ ಪ್ರಶ್ನೆ

ನಿದ್ದೆ ಬಾರದ ರಾತ್ರಿ, ಊಟವಾದ ಮೇಲಿನ ಎದೆಯುರಿ, ಕೆಲಸದಿಂದ ಮರಳುವಾಗಿನ ತಲೆನೋವು, ಪರೀಕ್ಷೆಯ ಮುನ್ನಾದಿನದ ಕಳವಳ ಇವು ಮನುಷ್ಯನಿಗೆ ಹೊಸವಲ್ಲ. ಇವೆಲ್ಲಕ್ಕೂ ಮಾತ್ರೆಯೇ ಮೊದಲ ಉತ್ತರವಾದದ್ದು ಈಚಿನದು. ಬದುಕಿನ ತೊಡಕು ರೋಗವೆಂದು ಹೆಸರು ಪಡೆದು ಔಷಧದ ಪಾಲಾಗುವ ಈ ಬೆಳವಣಿಗೆಯನ್ನು ಸಮಾಜಶಾಸ್ತ್ರ ವೈದ್ಯಕೀಕರಣ ಎಂದು ಕರೆಯುತ್ತದೆ. 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್ ಅಮೆರಿಕದ ಮಾರುಕಟ್ಟೆಗೆ ಬಂದ ಮೇಲೆ, ಕಳವಳಕ್ಕೂ ಗುಳಿಗೆಯುಂಟೆಂಬ ನಂಬಿಕೆ ಮಧ್ಯಮ ವರ್ಗದ ಮನೆಗಳಲ್ಲಿ ನೆಲೆಯೂರಿತು. ನೋವನ್ನು ತಾಳುವ, ಅರಿಯುವ ಶಕ್ತಿಯನ್ನೇ ಸಮಾಜ ವೈದ್ಯವ್ಯವಸ್ಥೆಗೆ ಒಪ್ಪಿಸಿಬಿಡುತ್ತಿದೆ ಎಂದು ಚಿಂತಕ ಇವಾನ್ ಇಲಿಚ್ 1970ರ ದಶಕದಲ್ಲೇ ಎಚ್ಚರಿಸಿದ್ದರು.

ಬೆಂಗಳೂರಿನ ಯಡಿಯೂರು, ಜಯನಗರ, ಬನಶಂಕರಿಯಂಥ ಬಡಾವಣೆಗಳಲ್ಲಿ ಮೆಡಿಕಲ್ ಶಾಪ್ ಮನೆಯಿಂದ ನಾಲ್ಕು ಹೆಜ್ಜೆ. ಅಲ್ಲಿ ಕೇಳಿಬರುವ ದೂರುಗಳಲ್ಲಿ ಮೂರನ್ನು ಬಿಡಿಸಿ ನೋಡಬಹುದು.

ಮೊದಲನೆಯದು ‘ಗ್ಯಾಸ್ಟ್ರಿಕ್’. ಹುಳಿತೇಗು, ಹೊಟ್ಟೆಯುಬ್ಬರ, ಎದೆಯುರಿಯಿಂದ ಬೆನ್ನುನೋವಿನವರೆಗೆ ಎಲ್ಲವೂ ಕನ್ನಡದಲ್ಲಿ ಈ ಒಂದೇ ಪದದೊಳಗೆ ಅಡಗಿವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಹುಣ್ಣಿಗೆ, ತೀವ್ರ ಆಮ್ಲಬಾಧೆಗೆ ಒಳ್ಳೆಯ ಔಷಧಗಳು. ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಹೀರುವಿಕೆ ತಗ್ಗಬಹುದು. ಥಟ್ಟನೆ ನಿಲ್ಲಿಸಿದರೆ ಆಮ್ಲ ಕೆಲಕಾಲ ಹೆಚ್ಚಾಗಿ ಉಕ್ಕುತ್ತದೆ. ರೋಗವೇ ಮರಳಿತೆಂದು ತಿಳಿದು ಮತ್ತೆ ಮಾತ್ರೆ ಶುರುವಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಹೃದಯಾಘಾತದ ನೋವೂ ಎಷ್ಟೋ ಸಲ ಗ್ಯಾಸ್ಟ್ರಿಕ್‌ನಂತೆಯೇ ತೋರುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಇಷ್ಟು ಹತ್ತಿರವಿದ್ದೂ ಮಾತ್ರೆ ನುಂಗಿ ಕಾಯ್ದ ಒಂದೆರಡು ಗಂಟೆ ಜೀವಕ್ಕೇ ಎರವಾಗಬಹುದು.

ಎರಡನೆಯದು ತಲೆನೋವು. ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಸಾಮಾನ್ಯ ನೋವುಮಾತ್ರೆ ನುಂಗಿದವರಲ್ಲಿ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಲ್ಲದು. ಒಂದಕ್ಕಿಂತ ಹೆಚ್ಚು ಔಷಧ ಕೂಡಿಸಿದ ಬೆರಕೆ ಮಾತ್ರೆಗಳಿಗೆ ಈ ಮಿತಿ 10 ದಿನ.

ಮೂರನೆಯದು ನಿದ್ದೆ. ನಿದ್ದೆಗೆಂದು ನುಂಗುವ ಆಲ್ಪ್ರಜೋಲಮ್, ಜೋಲ್ಪಿಡೆಮ್‌ಗಳು ಔಷಧ ನಿಯಮಾವಳಿಯ ಎಚ್1 ಅನುಸೂಚಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದಂತೆ ಡಾಕ್ಟರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ವೈದ್ಯರ, ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಆಲ್ಪ್ರಜೋಲಮ್‌ನಂಥ ಮಾತ್ರೆಗೆ ಮೈ ಕೆಲವೇ ವಾರಗಳಲ್ಲಿ ಒಗ್ಗಿಹೋಗುತ್ತದೆ. ಒಮ್ಮೆಲೇ ಬಿಟ್ಟರೆ ನಿದ್ರಾಹೀನತೆ ಇಮ್ಮಡಿಸುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯಕೀಯ ಮಾರ್ಗಸೂಚಿಗಳು ಮೊದಲು ಹೇಳುವುದು ಮಾತ್ರೆಯನ್ನಲ್ಲ, ಮಲಗುವ ಏಳುವ ರೂಢಿಯನ್ನೂ ನಿದ್ದೆಯ ಕುರಿತ ಆತಂಕವನ್ನೂ ತಿದ್ದುವ ಮನಶ್ಚಿಕಿತ್ಸೆಯನ್ನು.

ಮಾತ್ರೆಯ ಮೇಲಿನ ಈ ಅವಲಂಬನೆಯ ಹೊಣೆ ಒಬ್ಬರದಲ್ಲ. ಕಿಕ್ಕಿರಿದ ಕ್ಲಿನಿಕ್‌ನಲ್ಲಿ ವೈದ್ಯರಿಗೆ ರೋಗಿಯ ಮಾತು ಪೂರ್ತಿ ಕೇಳಲು ಪುರುಸೊತ್ತಿಲ್ಲ. ಮಾತ್ರೆ ಬರೆಯದ ಡಾಕ್ಟರ ಮೇಲೆ ರೋಗಿಗೆ ನಂಬಿಕೆಯಿಲ್ಲ. ರಾತ್ರಿ ಪಾಳಿ, ಟ್ರಾಫಿಕ್‌ನಲ್ಲಿ ಕಳೆಯುವ ಗಂಟೆಗಳು, ಹೊತ್ತು ಮೀರಿದ ಊಟ ಬದಲಾಗುವುದು ಕಷ್ಟ; ಮಾತ್ರೆಯ ಶೀಟು ಕೊಳ್ಳುವುದು ಸುಲಭ. ಆಪ್ತಸಲಹೆಗೆ ಹೋಗಲು ಸಂಕೋಚ, ಖರ್ಚು ಎರಡೂ ಅಡ್ಡ. ಮಾರುಕಟ್ಟೆಯೂ ನಿರ್ದೋಷಿಯಲ್ಲ: 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಬೆರಕೆ ಔಷಧಗಳನ್ನು ನಿಷೇಧಿಸಿತು, ನೋವು, ಜ್ವರ, ಅಲರ್ಜಿಗೆ ಬಳಕೆಯಲ್ಲಿದ್ದವೂ ಅದರಲ್ಲಿದ್ದವು.

ಇಷ್ಟರಿಂದ ಔಷಧವೇ ಕೇಡೆಂಬ ತೀರ್ಮಾನಕ್ಕೆ ಬರುವುದು ತಪ್ಪು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಮನೋರೋಗಗಳಿರುವವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ತೋರಿಸಿತು. ಕಳವಳಕ್ಕೆ ಮಾತ್ರೆ ನುಂಗುವವರೂ ನಿಜವಾದ ಖಿನ್ನತೆಗೆ ಮಾತ್ರೆ ಕಾಣದವರೂ ಒಂದೇ ಬೀದಿಯಲ್ಲಿರಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಖಿನ್ನತೆಗೆ ಔಷಧ ಪಡೆಯುತ್ತಿರುವವರು ತಾವಾಗಿ ನಿಲ್ಲಿಸಿದರೆ ಆಪತ್ತಾಗಬಹುದು. ಬೇಕಾದದ್ದು ಔಷಧ ತನ್ನ ಜಾಗದಲ್ಲಿರುವುದು.

ಆ ಜಾಗವನ್ನು ಗುರುತಿಸಲು ನೆರವು ದೂರವಿಲ್ಲ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸ್ವಾಸ್ಥ್ಯ ಕೇಂದ್ರವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಮನಸ್ಸಿನ ಕಷ್ಟವನ್ನು ಮನೆಮಾತಿನಲ್ಲಿ ಹೇಳಿಕೊಟ್ಟಿವೆ. ಯಡಿಯೂರು ಕೆರೆಯ ಸುತ್ತಲಿನ ನಡಿಗೆಹಾದಿ ರೋಗಕ್ಕೆ ಬದಲಿ ಚಿಕಿತ್ಸೆಯಲ್ಲ, ಆದರೆ ನಿದ್ದೆಗೂ ಜೀರ್ಣಕ್ಕೂ ಒತ್ತಾಸೆ.

ಈ ನಿಟ್ಟಿನಲ್ಲಿ ಮುಂದಿರುವ ಕೆಲಸ ಮೂರು. ಬರೆದ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂಬುದನ್ನೂ ಚೀಟಿಯಲ್ಲೇ ಬರೆಯುವ ರೂಢಿಯನ್ನು ವೈದ್ಯರು ಚರ್ಚಿಸಬೇಕು. ಎಚ್1 ಪುಸ್ತಕ ಬರಿಯ ದಾಖಲೆಯಾಗದೆ, ಪದೇ ಪದೇ ಬರುವ ಗಿರಾಕಿಯನ್ನು ವೈದ್ಯರತ್ತ ಕಳಿಸುವ ಸಾಧನವಾಗುವ ಬಗೆಯನ್ನು ಔಷಧ ವ್ಯಾಪಾರಿಗಳು ಯೋಚಿಸಬೇಕು. ತೊಂದರೆ ಎಂದಿನಿಂದ, ಆಗ ಬದುಕಿನಲ್ಲಿ ಬದಲಾದದ್ದೇನು ಎಂದು ಮಾತ್ರೆಗೆ ಮೊದಲು ಕೇಳಿಕೊಳ್ಳುವುದನ್ನು ಮನೆಮನೆಗೆ ಮುಟ್ಟಿಸುವ ದಾರಿಯನ್ನು ಆಪ್ತಸಲಹೆಗಾರರೂ ಶಿಕ್ಷಕರೂ ಸೂಚಿಸಬೇಕು.