ಹೊಲ ಹೋಗಿ ರೊಕ್ಕ ಬಂದಾಗ
(ಸತ್ತೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಬೀಜ ಯಾವುದು ಒಳ್ಳೆಯದು, ಗೊಬ್ಬರ ಎಷ್ಟು ಹಾಕಬೇಕು, ಕೂರಿಗೆ ಯಾವಾಗ ಹೂಡಬೇಕು ಎಂಬ ಮಾತುಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇಂದಿನ ಮಾತು ಬೇರೆ. ಬಿತ್ತುವ ಹೊಲವೇ ಕೈಬಿಟ್ಟು ಹೋದ ಮೇಲೆ ಮನೆತನ ಎಲ್ಲಿ ನೆಲೆಸಬೇಕು, ಹೊಲದ ಬದಲು ಬಂದ ರೊಕ್ಕವನ್ನು ಹೇಗೆ ಕಾಯಬೇಕು ಎಂಬುದು ಇಂದಿನ ವಿಷಯ.

ಸತ್ತೂರಿನವರಿಗೆ ಇದರ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ೧೯೬೨ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಅಂದಿನಿಂದ ಎರಡು ಊರುಗಳ ನಡುವಿನ ಹಳ್ಳಿಗಳ ಮೇಲೆ ಪೇಟೆ ನಿಧಾನವಾಗಿ ಹಬ್ಬುತ್ತ ಬಂದಿದೆ. ೧೯೮೬ರಲ್ಲಿ ಇಲ್ಲಿ ದಂತವೈದ್ಯ ಕಾಲೇಜು ಬಂತು, ೨೦೦೩ರಲ್ಲಿ ವೈದ್ಯಕೀಯ ಕಾಲೇಜು ಬಂತು. ಆಮೇಲೆ ರಸ್ತೆ ಅಗಲವಾಯಿತು. ೨೦೧೮ರಿಂದ ಅದರ ನಡುವೆ ಬಸ್ಸಿಗೇ ಬೇರೆ ದಾರಿ. ಪಕ್ಕದ ನವಲೂರು ಪೇರಲಕ್ಕೆ ಹೆಸರಾದ ಊರು. ಅಲ್ಲಿಯೂ ಪೇರಲದ ತೋಟಗಳಿದ್ದ ಕಡೆ ಲೇಔಟಿನ ಕಲ್ಲುಗಳು ನಿಂತಿವೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಈಗ ಹೋಗುವುದಿಲ್ಲ. ಹೊಲ ಕೊಟ್ಟವರ ಮನೆ ಮುಂದೆ ಹೇಗೆ ನಡೆಯಬೇಕು ಎಂಬುದಷ್ಟೇ ನಮ್ಮ ಚಿಂತೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಪರಿಹಾರದ ರೊಕ್ಕ ಬೆಳೆಯ ರೊಕ್ಕವಲ್ಲ. ಹೊಲವೇ ರೊಕ್ಕದ ರೂಪದಲ್ಲಿ ಮನೆಗೆ ಬಂದಿದೆ. ಬೆಳೆಯನ್ನು ಉಣ್ಣಬಹುದು, ಹೊಲವನ್ನು ಉಣ್ಣಬಾರದು. ಉಳಿದದ್ದೆಲ್ಲ ಈ ಮಾತಿನ ವಿವರಣೆ.

ರೊಕ್ಕ ಮುಟ್ಟುವ ಮೊದಲು

ಮೊದಲು ಕಾಗದದ ಕೆಲಸ. ೧೮೯೪ರ ಹಳೆಯ ಭೂಸ್ವಾಧೀನ ಕಾಯ್ದೆ ಹೋಗಿ, ೨೦೧೩ರಲ್ಲಿ ಆದ ಹೊಸ ಕಾಯ್ದೆ ೨೦೧೪ರ ಜನವರಿ ೧ರಿಂದ ಜಾರಿಗೆ ಬಂತು. ಯಾವ ಕಾಯ್ದೆಯ ಕೆಳಗೆ ನಿಮ್ಮ ಹೊಲ ಹೋಗುತ್ತಿದೆ ಎಂಬುದನ್ನು ನೋಟೀಸಿನಲ್ಲಿ ಓದಿಸಿ ನೋಡಿರಿ. ಕೈಗಾರಿಕೆಗಾಗಿ ಪಡೆಯುವ ಜಮೀನಿಗೆ ೧೯೬೬ರ ರಾಜ್ಯ ಕಾಯ್ದೆ ಬೇರೆ ಇದೆ. ೨೦೧೩ರ ಕಾಯ್ದೆಯಲ್ಲಿ, ಗೊತ್ತುಪಡಿಸಿದ ಬೆಲೆ ಕಡಿಮೆಯಾಯಿತೆಂದು ನಿಮಗೆ ಅನ್ನಿಸಿದರೆ ರೊಕ್ಕ ತೆಗೆದುಕೊಂಡೂ ತಕರಾರು ಮಾಡಬಹುದು. ಆದರೆ ರೊಕ್ಕ ತೆಗೆದುಕೊಳ್ಳುವಾಗಲೇ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದಿರಬೇಕು. ಹಾಗೆ ಬರೆಯದೆ ತೆಗೆದುಕೊಂಡವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚಿಹೋಗುತ್ತದೆ. ಐತೀರ್ಪಿನ ಹೊತ್ತಿಗೆ ಎದುರಿಗೆ ಇದ್ದವರು ಆರು ವಾರದೊಳಗೆ ಅರ್ಜಿ ಕೊಡಬೇಕು. ಒಂದು ಸಾಲು ಬರೆಯದ್ದಕ್ಕೆ ಲಕ್ಷಗಟ್ಟಲೆ ಕಳೆದುಕೊಳ್ಳಬೇಡಿರಿ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರ ಸಹಾಯ ಪುಕ್ಕಟೆಯಾಗಿ ಸಿಗುತ್ತದೆ.

ಎರಡನೆಯದು, ಪಾಲುದಾರರು ಯಾರು ಎಂಬುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಮನೆತನದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ೨೦೦೫ರ ಸೆಪ್ಟೆಂಬರ್ ೯ರಿಂದ ಇದೆ. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು ೨೦೨೦ರ ಆಗಸ್ಟ್ ೧೧ರಂದು ತೀರ್ಪು ಕೊಟ್ಟಿದೆ. ೨೦೦೪ರ ಡಿಸೆಂಬರ್ ೨೦ಕ್ಕಿಂತ ಮೊದಲೇ ಕ್ರಮವಾಗಿ ವಾಟ್ನಿ ಆಗಿದ್ದರೆ ಆ ಮಾತು ಬೇರೆ. ಅಕ್ಕತಂಗಿಯರನ್ನು ಬಿಟ್ಟು ರೊಕ್ಕ ಹಂಚಿಕೊಂಡ ಮನೆ ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಅರ್ಧ ರೊಕ್ಕ ಅಲ್ಲಿಯೇ ಕರಗುತ್ತದೆ. ಮೊದಲೇ ಕರೆದು ಕೂಡ್ರಿಸಿ ಮಾತಾಡುವುದು ನ್ಯಾಯವೂ ಹೌದು, ಉಳಿತಾಯವೂ ಹೌದು.

ಒಂದು ವರ್ಷ ತಡೆಯಿರಿ

ರೊಕ್ಕ ಬಂದ ಸುದ್ದಿ ಊರಿಗೆ ಮುಟ್ಟಲು ಒಂದು ದಿನ ಬೇಕಾಗಿಲ್ಲ. ಕಾರು ಮಾರುವವರು ಬರುತ್ತಾರೆ, ಪ್ಲಾಟು ತೋರಿಸುವವರು ಬರುತ್ತಾರೆ, ನೂರಕ್ಕೆ ತಿಂಗಳಿಗೆ ಇಷ್ಟು ಬಡ್ಡಿ ಕೊಡುತ್ತೇವೆನ್ನುವವರು ಬರುತ್ತಾರೆ, ಹತ್ತು ವರ್ಷ ಕಾಣದ ನೆಂಟರೂ ಬರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಿರಿ: ‘ಬರುವ ಮುಂಗಾರಿಗೆ ನೋಡೋಣ.’

ಇದು ಸೋಗಿನ ಮಾತಲ್ಲ. ಹೊಲ ಹೋದ ವರ್ಷ ಮನಸ್ಸು ನೆಟ್ಟಗಿರುವುದಿಲ್ಲ. ಬೆಳಗಾದರೆ ಹೋಗಲು ಹೊಲವಿಲ್ಲ, ಕೈಯಲ್ಲಿ ಕೆಲಸವಿಲ್ಲ, ಚೀಲದಲ್ಲಿ ರೊಕ್ಕವಿದೆ. ಇಂಥ ಹೊತ್ತಿನಲ್ಲಿ ಮಾಡಿದ ನಿರ್ಧಾರವನ್ನು ಮತ್ತೆ ತಿದ್ದುವುದು ಕಷ್ಟ. ಸಾಲ ತೀರಿಸುವುದು, ಔಷಧ, ಮಕ್ಕಳ ಶಾಲೆ ಇವಿಷ್ಟನ್ನು ಬಿಟ್ಟು ಉಳಿದ ರೊಕ್ಕವನ್ನು ಒಂದು ವರ್ಷದ ಠೇವಣಿಯಲ್ಲಿ ಇಡಿರಿ. ತಡೆದದ್ದರಿಂದ ಹೆಚ್ಚಿನ ನಷ್ಟವಿಲ್ಲ, ಬಡ್ಡಿಯಂತೂ ಬರುತ್ತದೆ.

ಲೆಕ್ಕ ಹಾಕಿ ನೋಡೋಣ

ಒಂದು ಲೆಕ್ಕ ಮಾಡೋಣ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗುವ ಜಮೀನಿಗೆ, ಒಣಬೇಸಾಯದ ಎಕರೆಗೆ ೩೦ ಲಕ್ಷ, ನೀರಾವರಿ ಎಕರೆಗೆ ೪೦ ಲಕ್ಷ ರೂಪಾಯಿ ಎಂದು ರಾಜ್ಯದ ಮಂತ್ರಿಮಂಡಳ ೨೦೨೫ರ ಸೆಪ್ಟೆಂಬರಿನಲ್ಲಿ ಒಪ್ಪಿತು. ನಮ್ಮ ಕಡೆಯ ದರ ಬೇರೆ ಇರಬಹುದು. ಲೆಕ್ಕಕ್ಕೆ ಅದನ್ನೇ ಹಿಡಿಯೋಣ. ಮೂರು ಎಕರೆ ಒಣಭೂಮಿಗೆ ೯೦ ಲಕ್ಷ ಆಯಿತು. ತಂದೆತಾಯಿ ಇಲ್ಲದ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಅಕ್ಕ. ತಲೆಗೆ ೩೦ ಲಕ್ಷ.

ಅಣ್ಣ ೧೫ ಲಕ್ಷದ ಮನೆ ಕಟ್ಟಿದ, ೮ ಲಕ್ಷದ ಕಾರು ತಂದ, ೫ ಲಕ್ಷದಲ್ಲಿ ಮಗಳ ಮದುವೆ ಮಾಡಿದ ಎನ್ನಿರಿ. ಉಳಿದದ್ದು ೨ ಲಕ್ಷ. ಅದು ಒಂದು ವರ್ಷದ ಮನೆಖರ್ಚಿಗೆ ಮುಗಿದುಹೋಗುತ್ತದೆ. ಮನೆ ಇದೆ, ಆದರೆ ಮನೆಯೊಳಗೆ ಜೋಳದ ಚೀಲ ಬರುವ ದಾರಿ ಇಲ್ಲ. ಕಾರು ನಿಂತಲ್ಲಿಯೇ ಬೆಲೆ ಕಳೆದುಕೊಳ್ಳುತ್ತದೆ.

ತಮ್ಮ ೨ ಲಕ್ಷದ ಸಾಲ ಮೊದಲು ತೀರಿಸಿದ. ಹಳೆಯ ಮನೆಗೆ ೧೦ ಲಕ್ಷ ಹಾಕಿ ರಿಪೇರಿ ಮಾಡಿ, ಬಾಡಿಗೆಗೆ ಒಂದು ಖೋಲಿ ಏರಿಸಿದ. ಒಂದು ವರ್ಷದ ಮನೆಖರ್ಚಿಗೆ ೨ ಲಕ್ಷ ಉಳಿತಾಯ ಖಾತೆಯಲ್ಲಿಟ್ಟ. ಉಳಿದ ೧೬ ಲಕ್ಷವನ್ನು ಬಡ್ಡಿಗೆ ಇಟ್ಟ. ನೂರಕ್ಕೆ ೭ ಎಂದು ಲೆಕ್ಕ ಹಿಡಿದರೆ ವರ್ಷಕ್ಕೆ ೧,೧೨,೦೦೦ ರೂಪಾಯಿ, ತಿಂಗಳಿಗೆ ೯ ಸಾವಿರದ ಮೇಲೆ ಆಯಿತು. ಜೊತೆಗೆ ಖೋಲಿಯ ಬಾಡಿಗೆ, ಅವನ ದುಡಿಮೆ. ಅವನ ಹೊಲ ಇನ್ನೂ ಹೊಲವಾಗಿಯೇ ಉಳಿದಿದೆ.

ಆದರೂ ಒಂದು ಎಚ್ಚರಿಕೆ. ಬಂದ ಬಡ್ಡಿಯನ್ನೆಲ್ಲ ಉಣ್ಣಬಾರದು. ಸಾಮಾನುಗಳ ಬೆಲೆ ವರ್ಷಕ್ಕೆ ನೂರಕ್ಕೆ ೬ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ರೂಪಾಯಿಯ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹೊಲದ ಸತ್ವ ಉಳಿಯಲು ತಿಪ್ಪೆಗೊಬ್ಬರ ಹಾಕುತ್ತಿದ್ದಿರಲ್ಲವೇ? ಹಾಗೆಯೇ ಬಡ್ಡಿಯ ಮೂರರಲ್ಲಿ ಒಂದು ಪಾಲನ್ನು ಮತ್ತೆ ಅಸಲಿಗೆ ಸೇರಿಸಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ದುಡಿಮೆ ಬಿಡಬಾರದು.

ರೊಕ್ಕ ಎಲ್ಲಿ ಇಡಬೇಕು

ಒಂದೇ ಹಗೇವಿನಲ್ಲಿ ಎಲ್ಲ ಜೋಳ ತುಂಬಿದರೆ, ಅದಕ್ಕೆ ನೀರು ಹೊಕ್ಕಾಗ ಎಲ್ಲವೂ ಹಾಳು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ. ೨೦೨೦ರ ಫೆಬ್ರುವರಿ ೪ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, ೫ ಲಕ್ಷದವರೆಗೆ. ಒಂದೇ ಬ್ಯಾಂಕಿನ ಐದು ಶಾಖೆಗಳಲ್ಲಿ ಇಟ್ಟರೂ ಅದು ಒಂದೇ ಲೆಕ್ಕ. ಆದಕಾರಣ ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚಿ ಇಡುವುದು ಲೇಸು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಸಂಘ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೊಲದ ರೊಕ್ಕವನ್ನೆಲ್ಲ ಅಲ್ಲಿ ಇಡಬೇಡಿರಿ ಎನ್ನುತ್ತೇನೆ.

ಅಂಚೆ ಕಚೇರಿಯನ್ನು ಮರೆಯಬೇಡಿರಿ. ಅದರ ಮಾಸಿಕ ಆದಾಯ ಯೋಜನೆಯಲ್ಲಿ ೨೦೨೩ರ ಏಪ್ರಿಲಿನಿಂದ ಒಬ್ಬರು ೯ ಲಕ್ಷ, ಜಂಟಿಯಾಗಿ ೧೫ ಲಕ್ಷದವರೆಗೆ ಇಡಬಹುದಾಗಿದೆ. ತಿಂಗಳು ತಿಂಗಳು ಬಡ್ಡಿ. ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಯೋಜನೆಯಲ್ಲಿ ೩೦ ಲಕ್ಷದವರೆಗೆ ಅವಕಾಶವಿದೆ. ಮೂರು ತಿಂಗಳಿಗೊಮ್ಮೆ ಬಡ್ಡಿ. ಬಡ್ಡಿಯ ದರ ಆಗಾಗ ಬದಲಾಗುತ್ತದೆ. ಇಡುವ ದಿನ ಕೇಳಿ ತಿಳಿದುಕೊಳ್ಳಿರಿ.

ಖಾತೆ ಗಂಡಹೆಂಡಿರ ಜಂಟಿ ಹೆಸರಿನಲ್ಲಿರಲಿ, ನಾಮನಿರ್ದೇಶನ ತುಂಬಿರಲಿ. ಪಾಸ್‌ಬುಕ್ಕು ಎಲ್ಲಿದೆ ಎಂಬುದು ಮನೆಯ ಹೆಣ್ಣುಮಗಳಿಗೆ ಗೊತ್ತಿರಲಿ. ಯಜಮಾನ ತೀರಿಕೊಂಡ ದಿನ ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ಅವಳು ಪರರ ಬಾಯಿಂದ ಕೇಳುವಂತಾಗಬಾರದು.

ತೆರಿಗೆಯ ಮಾತೂ ಇದೆ. ೨೦೧೩ರ ಕಾಯ್ದೆಯ ಕೆಳಗೆ ಬಂದ ಪರಿಹಾರಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲ. ಆದರೆ ಪೇಟೆಯ ಮಿತಿಯೊಳಗಿನ ಹೊಲವನ್ನು ನೀವಾಗಿಯೇ ಮಾರಿದರೆ ಲಾಭದ ಮೇಲೆ ತೆರಿಗೆ ಬೀಳಬಹುದು. ಠೇವಣಿಯ ಬಡ್ಡಿಯೂ ಆದಾಯವೇ. ಮಾರುವ ಮೊದಲೇ ಲೆಕ್ಕಪತ್ರ ಬಲ್ಲವರನ್ನು ಕೇಳಿರಿ.

ಎಲ್ಲಿ ನೆಲೆಸಬೇಕು

ಮೂರು ದಾರಿಗಳಿವೆ: ಇದ್ದ ಊರಲ್ಲೇ ಇರುವುದು, ಪೇಟೆಗೆ ಹೋಗುವುದು, ಬೇರೆ ಕಡೆ ಹೊಲ ಹಿಡಿದು ಮತ್ತೆ ಒಕ್ಕಲುತನ ಮಾಡುವುದು. ಯಾವುದೂ ಎಲ್ಲರಿಗೂ ಹೊಂದುವುದಿಲ್ಲ.

ಬಾಗಲಕೋಟೆಯನ್ನು ನೋಡಿರಿ. ೧೯೬೪ರಲ್ಲಿ ಲಾಲ್‌ ಬಹಾದ್ದೂರ್‌ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಆ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗ ಮುಳುಗಿತು. ಜನರಿಗಾಗಿ ನವನಗರ ಕಟ್ಟಲಾಯಿತು. ಅಲ್ಲಿ ಅಗಲ ರಸ್ತೆಗಳು, ಕಚೇರಿಗಳು, ಶಾಲೆಗಳು ಬಂದವು. ಆದರೂ ಮುಳುಗದೆ ಉಳಿದ ಹಳೆಯ ಪೇಟೆಯಲ್ಲಿ ಇಂದಿಗೂ ಜನವಿದೆ, ವ್ಯಾಪಾರವಿದೆ. ಏಕೆಂದರೆ ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲ. ದುಡಿಮೆ, ಗಿರಾಕಿ, ನೆರೆಹೊರೆ ಎಲ್ಲಿದೆಯೋ ಅಲ್ಲಿ ಬದುಕು ಇರುತ್ತದೆ. ಜಾಗ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಮನೆ ಎಷ್ಟು ದೊಡ್ಡದು’ ಎಂಬುದಲ್ಲ, ‘ಅಲ್ಲಿ ನನ್ನ ಕೈಗೆ ಏನು ಕೆಲಸ’ ಎಂಬುದು.

ಪೇಟೆಗೆ ಹೋಗುವ ಮನಸ್ಸಿದ್ದರೆ ಮೊದಲು ಆರು ತಿಂಗಳು ಬಾಡಿಗೆ ಹಿಡಿದು ಇದ್ದು ನೋಡಿರಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಖರ್ಚು ಎಷ್ಟಾಗುತ್ತದೆ, ಮುದುಕರಿಗೆ ಮಾತಾಡಲು ಯಾರಿದ್ದಾರೆ ಎಂಬುದು ಆಗ ತಿಳಿಯುತ್ತದೆ. ಎಮ್ಮೆ ಕಟ್ಟಿ ಹಾಲು ಮಾರುವ ಮನೆಗೆ ಎರಡನೆಯ ಮಹಡಿಯ ಮನೆ ಆಗಿಬರುವುದಿಲ್ಲ. ಈ ನಿರ್ಧಾರದಲ್ಲಿ ಹೆಣ್ಣುಮಕ್ಕಳ ಮಾತು ಮೊದಲು ಕೇಳಿರಿ. ನೀರು, ಒಲೆ, ನೆರೆಹೊರೆ ಇವುಗಳ ಕಷ್ಟಸುಖ ಅವರಿಗೆ ಗೊತ್ತು.

ಸತ್ತೂರಿನಲ್ಲಿಯೇ ಉಳಿಯುವವರಿಗೆ ಒಂದು ಅನುಕೂಲವಿದೆ. ಕಾಲೇಜು, ಆಸ್ಪತ್ರೆ ಇರುವಲ್ಲಿ ಬಾಡಿಗೆಯ ಖೋಲಿಗೆ, ಹಾಲಿಗೆ, ರೊಟ್ಟಿ ಖಾನಾವಳಿಗೆ ಗಿರಾಕಿ ಇದ್ದಾರೆ. ಆದರೆ ಸಾಲ ಮಾಡಿ ಮಹಡಿಯ ಮೇಲೆ ಮಹಡಿ ಏರಿಸಬೇಡಿರಿ. ಒಂದು ಖೋಲಿ ತುಂಬಿದ ಮೇಲೆ ಇನ್ನೊಂದು.

ಹೊಲವನ್ನೋ ಪ್ಲಾಟನ್ನೋ ಕೊಳ್ಳುವವರು ಸಂಚಕಾರ ಕೊಡುವ ಮೊದಲು ಉತಾರ, ಋಣಭಾರ ಪತ್ರ, ಹಿಂದಿನ ಖರೀದಿ ಪತ್ರಗಳನ್ನು ವಕೀಲರಿಗೆ ತೋರಿಸಿರಿ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ ೧೯೭೮ರ ಕಾಯ್ದೆಯಂತೆ ಆ ಖರೀದಿ ನಿಲ್ಲುವುದಿಲ್ಲ. ಪ್ಲಾಟಾದರೆ ಬಿನ್‌ಶೇತ್ಕಿ ಆದೇಶವೂ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆಯೂ ಇರಬೇಕು. ಬಾಯಿಮಾತಿನ ಪ್ಲಾಟು ಗಾಳಿಯಲ್ಲಿ ಬಿತ್ತಿದ ಬೀಜ.

ಹಿರಿಯರಿಗೆ ಒಂದು ಮಾತು

ಅಜ್ಜಅಜ್ಜಿಯರೇ, ಪ್ರೀತಿಯಿಂದ ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದು ಬರಿಗೈಯಲ್ಲಿ ಕೂಡ್ರಬೇಡಿರಿ. ಕೊಡುವುದಾದರೆ ‘ನಮ್ಮನ್ನು ಸಲಹಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲಿಯೇ ಬರೆಸಿರಿ. ಆ ಷರತ್ತು ಮುರಿದರೆ ೨೦೦೭ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟು ದಾನವನ್ನು ರದ್ದು ಮಾಡಿಸಲು ಬರುತ್ತದೆ. ಇದರಲ್ಲಿ ಮಕ್ಕಳ ಮೇಲಿನ ಅಪನಂಬಿಕೆ ಏನಿಲ್ಲ. ಕೈಯಲ್ಲಿ ನಾಲ್ಕು ಕಾಸು ಇದ್ದ ಹಿರಿಯರಿಗೆ ಮನೆಯಲ್ಲಿ ಮಾನವೂ ಇರುತ್ತದೆ, ಮಕ್ಕಳಿಗೂ ಭಾರವಾಗುವುದಿಲ್ಲ.

ಇಷ್ಟು ಕೇಳಿದ ಮೇಲೆ ಮನೆಗೆ ಹೋಗಿ ಒಂದು ವಹಿ ತೆಗೆದು ನಾಲ್ಕು ಅಂಕಣ ಹಾಕಿರಿ: ಸಾಲ, ಸೂರು, ಒಂದು ವರ್ಷದ ಕೂಳು, ಉಳಿದದ್ದು ಹೊಲ. ಹೊಲ ಹೋದವರೂ ಬರೆಯಿರಿ, ಹೋಗಬಹುದಾದವರೂ ಬರೆಯಿರಿ. ಯಜಮಾನನನ್ನು ಕಳೆದುಕೊಂಡು ವಿಮೆಯ ರೊಕ್ಕ ಪಡೆದ ತಾಯಂದಿರಿಗೂ, ನೌಕರಿ ಮುಗಿಸಿ ಊರಿಗೆ ಬಂದವರಿಗೂ ಲೆಕ್ಕ ಇದೇ. ನಾಲ್ಕನೆಯ ಅಂಕಣದ ಅಸಲಿಗೆ ಕೈ ಹಾಕುವ ಮುನ್ನ ಮನೆಯ ಎಲ್ಲರೂ, ಹೆಣ್ಣುಮಕ್ಕಳೂ ಸೇರಿ, ಒಪ್ಪಬೇಕೆಂದು ಅದೇ ವಹಿಯಲ್ಲಿ ಬರೆದು ಸಹಿ ಮಾಡಿರಿ. ನಿಮ್ಮ ಹಿರಿಯರು ಹೊಲವನ್ನು ನಿಮಗೆ ಮುಟ್ಟಿಸಿದರು. ಅದರ ರೂಪ ಬದಲಾಗಿದ್ದರೂ ನೀವು ಅದನ್ನು ಮಕ್ಕಳಿಗೆ ಮುಟ್ಟಿಸಬೇಕು.