ಭೀಮಗಡದ ಗೆರೆ ಮತ್ತು ಎಪ್ಪತ್ತೈದು ವರ್ಷದ ಸಾಕ್ಷಿ

(ಬೆಳಗಾವಿಯ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಕಾಡಿನ ವಿಷಯ ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಹಾಸ್ಟೆಲಿನ ಊಟ, ಸ್ಕಾಲರ್‌ಶಿಪ್ಪಿನ ದುಡ್ಡು, ಇವುಗಳ ಜಗಳವೇ ಮುಗಿದಿಲ್ಲ, ಇನ್ನು ಹುಲಿ ಬಾವಲಿಗಳ ಮಾತು ಯಾಕೆ? ಯಾಕಂದರೆ ಇದೂ ನೆಲದ ಮಾತೇ. ಗೆರೆಯ ಒಳಗೆ ಯಾರು, ಹೊರಗೆ ಯಾರು ಅನ್ನುವ ಮಾತು. ಊರಿಗೂ ಕೇರಿಗೂ ನಡುವೆ ಎಳೆದ ಗೆರೆಯನ್ನು ಹುಟ್ಟಿದಾಗಿನಿಂದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖಾನಾಪುರ ತಾಲೂಕಿನ ಭೀಮಗಡದ ಕಾಡನ್ನು ಸರಕಾರ 2011ರ ಡಿಸೆಂಬರಿನಲ್ಲಿ ವನ್ಯಜೀವಿ ಧಾಮ ಅಂತ ಸಾರಿತು. ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವ ಸೀಮೆ ಅದು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಸಾಹೇಬನ ಹೆಸರು ಹೊತ್ತ ಒಂದು ಬಾವಲಿ ಇದೆ. ಬಹಳ ಕಾಲ ಜಗತ್ತಿಗೆ ಅದು ಗೊತ್ತಿದ್ದದ್ದು ಅಲ್ಲಿ ಮಾತ್ರ. ಬರೇ ಗುಹೆಗೆ ಬೇಲಿ ಹಾಕಿದರೆ ಆ ಬಾವಲಿ ಉಳಿಯುವುದಿಲ್ಲ, ರಾತ್ರಿ ಹೊರಬಿದ್ದು ಹುಳ ಹಿಡಿಯಲು ಸುತ್ತ ಕಾಡು ಬೇಕು. ಹುಲಿಗೆ ಇತ್ತ ದಾಂಡೇಲಿ ಕಡೆಗೆ, ಅತ್ತ ಗೋವಾದ ಕಾಡಿಗೆ ದಾರಿ ಬೇಕು. ಅದಕ್ಕೇ ತಿಳಿದವರು ನಡುವೆ ಒಂದು ವಲಯ, ಸುತ್ತ ಇನ್ನೊಂದು ವಲಯ ಅಂತ ನಕಾಶೆ ಬರೆಯುತ್ತಾರೆ. ಗಣಿ ಸಾಹುಕಾರನನ್ನೂ ರೆಸಾರ್ಟ್ ಸಾಹುಕಾರನನ್ನೂ ತಡೆಯುವ ಗೆರೆ ನನಗೂ ಬೇಕು.

ಆದರೆ ಆ ನಕಾಶೆಯೊಳಗೆ ಜನ ಇದ್ದಾರೆ. ತಳೇವಾಡಿ, ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವ. ಮಳೆಗಾಲದಾಗ ಹಳ್ಳ ತುಂಬಿದರೆ ದಾರಿ ಕಡೀತು, ರೋಗಿಯನ್ನು ಹೊತ್ತುಕೊಂಡೇ ನಡೀಬೇಕು. ರಸ್ತೆ ಕೇಳಿದರೆ ಧಾಮದ ಕಾನೂನು ಅಡ್ಡ. ಕೊನೆಗೆ ಒಂದಿನ, ನೀವಾಗೇ ಒಪ್ಪಿ ಹೊರಗ ಬರ್ರಿ ಅಂತಾರೆ. ರಸ್ತೆ ಕೊಡದೆ ಕೇಳುವ ಒಪ್ಪಿಗೆ ಎಂಥಾ ಒಪ್ಪಿಗೆ? 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಪರಿಹಾರದ ಚೆಕ್ಕು ಹಂಚಿದರು. ಕುಟುಂಬಕ್ಕೆ ಒಟ್ಟು 15 ಲಕ್ಷ, ಅದೂ ಕಂತಿನಲ್ಲಿ. ಹೋಗುವವರನ್ನು ನಾನು ಬಯ್ಯುವುದಿಲ್ಲ. ಅವರ ಮಕ್ಕಳಿಗೆ ಸಾಲಿ, ದವಾಖಾನೆ ಬ್ಯಾಡೇನು?

2006ರ ಅರಣ್ಯ ಹಕ್ಕು ಕಾಯ್ದೆ ಒಂದು ಮಾತು ಹೇಳುತ್ತದೆ: ಹಕ್ಕು ಯಾರದೆಂದು ಪರಿಶೀಲಿಸಿ ಮುಗಿಸುವ ತನಕ ಕಾಡಿನ ಜನರನ್ನು ಒಕ್ಕಲೆಬ್ಬಿಸುವಂತಿಲ್ಲ. ಧಾಮದೊಳಗೂ ಇದು ನಡೆಯುತ್ತದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳು ಕಾಡಿನ ಸಮುದಾಯ ಹಕ್ಕು ಪಡೆದವು. ಹುಲಿಗಳೇನೂ ಓಡಿಹೋಗಲಿಲ್ಲ.

ಸೋಲಿಗರು ಪರಿಶಿಷ್ಟ ಪಂಗಡದವರು. ಆ ಪಟ್ಟಿಯಲ್ಲಿ ಇಲ್ಲದವರು, ಅಂದರೆ ದಲಿತರು, ಗೌಳಿಗರು, ಕುಣಬಿಗಳು, 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಎಪ್ಪತ್ತೈದು ವರ್ಷ, ಕಾಡಿನಲ್ಲೇ ಇದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿರಿ, 1930. ಬೊಂಬಾಯಿ ಪ್ರಾಂತದ ಕಾಲ. ಹೊಲ ಇದ್ದವನ ಹೆಸರು ಉತಾರದಲ್ಲಿ ಬಂತು. ಅವನ ಹೊಲದಾಗ ದುಡಿದವನ, ಅವನ ಎಮ್ಮೆ ಮೇಯಿಸಿದವನ ಹೆಸರನ್ನು ಯಾವ ಕುಲಕರ್ಣಿ ಬರೆದುಕೊಂಡ?

ಕಾಗದ ಇಲ್ಲದವರಿಗೂ ದಾರಿ ಉಂಟು. ಅದನ್ನು ಅಲ್ಲಿ ಯಾರೂ ಕೂಗಿ ಹೇಳುತ್ತಿಲ್ಲ. 2008ರ ನಿಯಮಗಳ ಪ್ರಕಾರ ಹಳೆಯ ಬಾವಿ, ಸುಡುಗಾಡು, ದೇವರ ಜಾಗ ಸಾಕ್ಷಿಯಾಗುತ್ತವೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಮಾತೂ ಸಾಕ್ಷಿಯಾಗುತ್ತದೆ. ಇಂಥದೇ ಕಾಗದ ತಾ ಅಂತ ಹಟ ಹಿಡಿಯುವಂತಿಲ್ಲವೆಂದು 2012ರ ತಿದ್ದುಪಡಿ ಹೇಳಿದೆ.

ಹಂಗಾಗಿ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೋಗಿರಿ. ಬಾವಿ ತೋಡಿದವರು ಯಾರು, ಸತ್ತವರನ್ನು ಎಲ್ಲಿ ಮಣ್ಣು ಮಾಡಿದರು, ಮುದುಕಿಯರನ್ನೂ ಕೇಳಿರಿ, ಮುದುಕರಷ್ಟನ್ನೇ ಅಲ್ಲ. ಅಲ್ಲಿ ಬಹಳ ಮಂದಿ ಮಾತಾಡೋದು ಮರಾಠಿ, ಕೊಂಕಣಿ. ನಮ್ಮ ಬೆಳಗಾವಿಯ ಭಾಷೆ ಜಗಳವನ್ನು ಅಲ್ಲಿಗೆ ಒಯ್ಯಬ್ಯಾಡ್ರಿ, ಹೇಳಿದ್ದನ್ನು ಅವರ ಮಾತಿನಾಗೇ ಬರಕೋರಿ. ಓದಿ ಕೇಳಿಸಿ, ಹೆಬ್ಬೆಟ್ಟು ಹಾಕಿಸಿ, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು, ಮುಟ್ಟಿದ್ದಕ್ಕೆ ರಸೀದಿ ತಗೊಂಡು ಬರ್ರಿ. 1930ರ ಸುದ್ದಿಯನ್ನು ತಮ್ಮ ಅಪ್ಪ ಅವ್ವನ ಬಾಯಿಂದ ಕೇಳಿದ ಹಿರಿಯರು ಊರಿಗೆ ಒಬ್ಬರೋ ಇಬ್ಬರೋ ಉಳಿದಾರು. ಜೂನಿನಲ್ಲಿ ಹಳ್ಳ ತುಂಬುತ್ತದೆ, ಅದಕ್ಕೂ ಮೊದಲೇ ಹೋಗಬೇಕು.