ಎದೆಬಡಿತಕ್ಕೆ ಹೆದರಿದ ತಮ್ಮಂದಿರಿಗೆ

(ದಾಮರಗಿದ್ದದಲ್ಲಿ, ಗುಳೆ ಹೋಗಿಬರುವ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ ದರ, ಮುಂಗಡ, ಮೇಸ್ತ್ರಿಯ ಲೆಕ್ಕ ಇವುಗಳ ವಿಷಯವಾಗಿ ನಾವು ಈ ಕೂಟದಲ್ಲಿ ಹಲವು ಸಲ ಮಾತಾಡಿದ್ದೇವೆ. ಇಂದು ನಾನು ಎತ್ತಿಕೊಂಡಿರುವುದು ಬೇರೆ ವಿಷಯ. ಆದರೆ ಅದು ಕೂಲಿಯಿಂದ ದೂರದ ವಿಷಯವಲ್ಲ ಎಂಬುದು ಮುಂದೆ ನಿಮಗೇ ತಿಳಿಯುವುದು.

ಕಳೆದ ತಿಂಗಳು ನಮ್ಮ ಕಡೆಯ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಪುಣೆಯ ಕೆಲಸಕ್ಕೆಂದು ಬಸ್ಸು ಹತ್ತಿದವನು ಐದೇ ನಿಮಿಷದಲ್ಲಿ ಇಳಿದು ಮನೆಗೆ ಬಂದ. ಎದೆ ಜೋರಾಗಿ ಹೊಡೆದುಕೊಂಡಿತು, ಪ್ರಾಣವೇ ಹೋಗುತ್ತದೆ ಅನ್ನಿಸಿತು ಎಂದ. ಮನೆಯವರು ಮೈಗಳ್ಳ ಅಂದರು. ಓಣಿಯವರು ಗಾಳಿ ಸೋಕಿದೆ ಅಂದರು. ಅವನ ತಂದೆ ನನ್ನ ಬಳಿ ಬಂದು, "ಉಪದೇಶಿಗಳೇ, ಮುಂಗಡ ತಗೊಂಡು ಖರ್ಚೂ ಆಗ್ಯಾದ. ಈಗ ನಾ ಏನ್ ಮಾಡ್ಲಿ?" ಎಂದು ಕೇಳಿದರು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಏಕೆಂದರೆ ಆ ಹುಡುಗನ ಜಾಗದಲ್ಲಿ ನಾನೂ ಒಮ್ಮೆ ಇದ್ದೆ.

2004ರಲ್ಲಿ ನನಗೆ ಇಪ್ಪತ್ತಮೂರು ವರ್ಷ. ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಓದಲಾಗದೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದೆ. ಒಂದು ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗಿದ್ದಾಗ ಎದೆ ಡವಡವ ಎಂದು ಬಡಿಯತೊಡಗಿತು. ಬೆರಳುಗಳು ಜುಮ್ಮೆಂದವು, ಉಸಿರು ಸಾಲದಾಯಿತು. ಪಕ್ಕದಲ್ಲಿದ್ದ ನಮ್ಮೂರ ಹಿರಿಯರು, "ಯಾಕೋ ತಮ್ಮಾ, ಏನಾಗ್ಯಾದ?" ಎಂದರು. "ಎದಿ ಒಡದು ಹೋಗಂಗ ಬಡೀಲಿಕ್ಕತ್ತದ ಕಾಕಾ, ನಾ ಉಳಿಯಂಗಿಲ್ಲ" ಎಂದೆ. ಬೆಳಿಗ್ಗೆ ಒಂದು ಆಸ್ಪತ್ರೆಗೆ ಕರೆದೊಯ್ದರು. ಇ.ಸಿ.ಜಿ. ತೆಗೆದರು. "ಏನೂ ಇಲ್ಲ, ಹೋಗು" ಎಂದರು.

ಏನೂ ಇಲ್ಲವಾದರೆ ಎದೆ ಬಡಿದದ್ದೇಕೆ? ಅದನ್ನು ಯಾರೂ ಹೇಳಲಿಲ್ಲ. ಅಂದಿನಿಂದ ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದೇ ನನ್ನ ಕೆಲಸವಾಯಿತು. ಮೇಲಿನ ಅಂತಸ್ತಿಗೆ ಹೋಗುವುದನ್ನು ಬಿಟ್ಟೆ, ಆಮೇಲೆ ಬಸ್ಸು ಬಿಟ್ಟೆ, ಆಮೇಲೆ ಒಬ್ಬನೇ ಮಲಗುವುದನ್ನು ಬಿಟ್ಟೆ. ನಿದ್ದೆಗಾಗಿ ಕುಡಿಯಲು ಕಲಿತೆ. ಕುಡಿದ ಮರುದಿನ ಬಡಿತ ಇನ್ನೂ ಹೆಚ್ಚಾಗುತ್ತಿತ್ತು. ಕೊನೆಗೆ ಕೆಲಸ ಅರ್ಧಕ್ಕೆ ಬಿಟ್ಟು ಊರಿಗೆ ಬಂದೆ. ಮುಂಗಡ ತೀರಿಸಲು ನನ್ನ ತಂದೆ ಜೋಡೆತ್ತುಗಳಲ್ಲಿ ಒಂದನ್ನು ಮಾರಿದರು. ಆ ಎತ್ತು ಹೋದದ್ದು ನನ್ನ ಹೃದಯದ ಕಾಯಿಲೆಯಿಂದಲ್ಲ. ತಿಳಿಸಿ ಹೇಳುವವರು ಇಲ್ಲದ್ದರಿಂದ.

ವರ್ಷದ ಮೇಲೆ ರಾಯಚೂರಿನಲ್ಲಿ ಒಬ್ಬ ವೈದ್ಯರು ಕಾಲು ಗಂಟೆ ಕೂತು ನನಗೆ ತಿಳಿಸಿ ಹೇಳಿದರು. ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ಕೇಳಿ ತಿಳಿದದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಹೃದಯ ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಹಾವು ಕಂಡಾಗ ದೇಹವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಓಡಲು ಬಲ ಬೇಕೆಂದು ಹೃದಯ ಬೇಗ ಬಡಿಯುತ್ತದೆ, ಉಸಿರು ಜೋರಾಗುತ್ತದೆ, ಮೈ ಬೆವರುತ್ತದೆ. ಇದು ದೇವರು ಕೊಟ್ಟ ಕಾವಲು. ಆದರೆ ಸಾಲ, ನಿದ್ದೆಗೇಡು, ಮನೆಯ ಚಿಂತೆ ಸೇರಿ ಮನಸ್ಸು ದಣಿದಾಗ, ಹಾವಿಲ್ಲದೆಯೂ ಈ ಕಾವಲುಗಾರ ಕೂಗಿಬಿಡುತ್ತಾನೆ. ಬಡಿತ ಕಂಡು ನಾವು ಹೆದರುತ್ತೇವೆ, ಹೆದರಿದ್ದಕ್ಕೆ ಬಡಿತ ಇನ್ನೂ ಏರುತ್ತದೆ. ಅವಸರದ ಉಸಿರಿನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತವೆ, ತಲೆ ಸುತ್ತುತ್ತದೆ. ಈ ಭಯದ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ.

ಇದು ಹೇಡಿಗಳ ರೋಗವೆಂದು ತಿಳಿಯಬೇಡಿರಿ. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದ ನೂರಾರು ಸೈನಿಕರಲ್ಲಿ ಇಂಥದೇ ಎದೆಬಡಿತವನ್ನು ಡಾ ಕೋಸ್ಟಾ ಎಂಬ ವೈದ್ಯರು ಕಂಡು 1871ರಲ್ಲಿ ಬರೆದಿಟ್ಟರು. 1914ರ ಮಹಾಯುದ್ಧದಲ್ಲಿ ಅದಕ್ಕೆ 'ಸೈನಿಕನ ಹೃದಯ' ಎಂದೇ ಹೆಸರಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇಂಥ ಭಯದ ದಾಳಿಗಳ ಕಾಯಿಲೆಗೆ ಪ್ಯಾನಿಕ್ ಡಿಸಾರ್ಡರ್ ಎಂಬ ಹೆಸರು ಕೊಟ್ಟಿತು. ಬಂದೂಕು ಹಿಡಿದವರಿಗೇ ಬಂದದ್ದು ಇಟ್ಟಿಗೆ ಹೊರುವವರಿಗೆ ಬಂದರೆ ನಾಚಿಕೆ ಏಕೆ?

ಆದರೂ ಎಲ್ಲ ಎದೆಬಡಿತವೂ ಭಯವೇ ಎಂದು ನಾವೇ ತೀರ್ಪು ಕೊಡಬಾರದು. ಮೊದಲು ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿರಿ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಹೆಚ್ಚಾದರೂ, ಜ್ವರ ಬಂದರೂ, ಬಿಸಿಲಲ್ಲಿ ನೀರು ಕುಡಿಯದೆ ದುಡಿದರೂ ಎದೆ ಬಡಿಯುತ್ತದೆ. ಹೊಟ್ಟೆಗಿಲ್ಲದೆ ಮೇಲಿಂದ ಮೇಲೆ ಚಹಾ ಕುಡಿಯುವುದು, ಬೀಡಿ, ತಂಬಾಕು, ಗುಟ್ಕಾ ಇವೂ ಕಾರಣ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದವರಿಗೆ ಹೃದಯದ ಕವಾಟ ಕೆಟ್ಟಿರಬಹುದು. ಎದೆಬಡಿತದ ಜೊತೆ ಎಚ್ಚರ ತಪ್ಪಿದರೆ, ಭಾರ ಎತ್ತುವಾಗಲೇ ಎದೆ ನೋವು ಬಂದರೆ, ಉಸಿರಾಟ ತೀರಾ ಕಷ್ಟವಾದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ತಡಮಾಡಬೇಡಿರಿ. ಕುಸಿದು ಬಿದ್ದವರಿಗೆ, ಎದೆ ನೋವು ನಿಲ್ಲದವರಿಗೆ 108ಕ್ಕೆ ಫೋನು ಮಾಡಿರಿ.

ಪರೀಕ್ಷೆಯಲ್ಲಿ ಹೃದಯ ಚೆನ್ನಾಗಿದೆ ಎಂದು ತಿಳಿದ ಮೇಲೆ ಏನು ಮಾಡಬೇಕು? ದಾಳಿ ಬಂದಾಗ ಎತ್ತರದಲ್ಲಿದ್ದರೆ ಜೊತೆಗಾರನನ್ನು ಕರೆದು ನಿಧಾನವಾಗಿ ಕೆಳಗಿಳಿದು ಕೂಡಿರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. "ಇದು ಭಯ, ಇಳಿಯುತ್ತದೆ" ಎಂದು ನಿಮಗೆ ನೀವೇ ಹೇಳಿಕೊಳ್ಳಿರಿ. ನಾಡಿ ಹಿಡಿಯಬೇಡಿರಿ. ಇಳಿದ ಮೇಲೆ ಕೆಲಸಕ್ಕೆ ಮರಳಿರಿ. ಹೆದರಿ ಬಿಟ್ಟ ಜಾಗ ನಾಳೆ ಇನ್ನೂ ಹೆದರಿಸುತ್ತದೆ. ಆದ್ದರಿಂದ ಬಿಟ್ಟದ್ದನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಿಡಿಯಬೇಕು. ನಾನು ಮೊದಲು ಪಕ್ಕದ ಊರಿನವರೆಗೆ, ಆಮೇಲೆ ನಾರಾಯಣಪೇಟೆಯವರೆಗೆ, ಆಮೇಲೆ ಗುರುಮಠಕಲ್‌ವರೆಗೆ ಬಸ್ಸಿನಲ್ಲಿ ಹೋಗಿಬಂದೆ. ಬಸ್ಸಿನ ಭಯ ಬಿಡಲು ನನಗೆ ಮೂರು ತಿಂಗಳು ಹಿಡಿಯಿತು.

ಇದಕ್ಕೂ ಕಡಿಮೆಯಾಗದಿದ್ದರೆ ಮಾತಿನ ಚಿಕಿತ್ಸೆ ಇದೆ, ಔಷಧಿಯೂ ಇದೆ. ಔಷಧಿ ಗುಣ ತೋರಿಸಲು ಕೆಲವು ವಾರ ಬೇಕು. ನಡುವೆ ನಾವಾಗಿ ನಿಲ್ಲಿಸಬಾರದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ನಿದ್ದೆ ಮಾತ್ರೆ ಮಾತ್ರ ಬೇಡ, ಅದು ಚಟವಾಗುತ್ತದೆ. ಮನಸ್ಸಿನ ಕಾಯಿಲೆಗೆ ದೊಡ್ಡ ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯವರಿಗೆ ಹತ್ತಿರದಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸರ್ಕಾರದ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ, ಹಗಲು ರಾತ್ರಿ ಸಲಹೆ ಸಿಗುತ್ತದೆ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಉಪದೇಶಿಯಾಗಿ ಒಂದು ಮಾತು. ವಿಶ್ವಾಸ ಕಡಿಮೆಯಾದವರಿಗೆ ಇಂಥ ಭಯ ಬರುತ್ತದೆಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಪ್ರವಾದಿ ಎಲೀಯನು ಹೆದರಿ ಓಡಿ, ಗಿಡದ ಕೆಳಗೆ ಸಾವನ್ನು ಬೇಡಿದಾಗ ದೇವರು ಅವನನ್ನು ಬೈಯಲಿಲ್ಲ. ನಿದ್ದೆ ಮಾಡಗೊಟ್ಟು, ರೊಟ್ಟಿ ನೀರು ಕಳುಹಿಸಿದನು. ಪ್ರಾರ್ಥನೆ ಮಾಡೋಣ, ಆದರೆ ಪ್ರಾರ್ಥನೆಯ ಹೆಸರಿನಲ್ಲಿ ವೈದ್ಯರನ್ನು ತಪ್ಪಿಸುವುದು ಬೇಡ.

ಕೂಲಿಯಿಂದ ದೂರದ ವಿಷಯವಲ್ಲ ಎಂದೆನಲ್ಲವೇ? ಪಾಲಮೂರು ಲೇಬರ್ ಎಂದು ಹೆಸರಾದ ನಮ್ಮ ಜನ ಮುಂಗಡ ಎಂಬ ನೊಗವನ್ನು ಹೊತ್ತೇ ಊರು ಬಿಡುತ್ತಾರೆ. ಕಾಯಿಲೆ ಬಿದ್ದರೆ ಸಾಲ ಬೆಳೆಯುತ್ತದೆಂಬ ಚಿಂತೆಯಲ್ಲಿ ಮಲಗಿದವನ ಎದೆ ಬಡಿಯದೆ ಇದ್ದೀತೇ? ಆದಕಾರಣ ಈ ಕೂಟ ಮೂರು ಕೆಲಸ ಮಾಡಬೇಕೆಂದು ಬೇಡುತ್ತೇನೆ. ಪ್ರತಿ ಗುಂಪಿನಲ್ಲಿ ಒಬ್ಬರು ಈ ವಿಷಯ ತಿಳಿದವರಿರಲಿ. ದಾಳಿ ಬಂದವನ ಪಕ್ಕದಲ್ಲಿ ಒಬ್ಬರು ಕೂಡಲಿ, ನಗುವವರನ್ನು ದೂರ ಇಡಲಿ. ಕಾಯಿಲೆಯಿಂದ ಮರಳಿದವನ ಮುಂಗಡಕ್ಕೆ ಕಂತು ಕೇಳಲು ಸಂಘವೇ ಮೇಸ್ತ್ರಿಯ ಬಳಿ ಹೋಗಲಿ.

ಆ ಹುಡುಗನ ತಂದೆಯೊಂದಿಗೆ ನಾನು ಹಾಗೆಯೇ ಹೋದೆ. ಮೇಸ್ತ್ರಿ ಎರಡು ತಿಂಗಳ ಅವಧಿ ಕೊಟ್ಟಿದ್ದಾರೆ. ಪರೀಕ್ಷೆಯಲ್ಲಿ ಹುಡುಗನಿಗೆ ರಕ್ತ ಕಡಿಮೆ ಇದೆಯೆಂದು ತಿಳಿದು ಮಾತ್ರೆ ನಡೆದಿದೆ, ಹೃದಯ ಸರಿಯಾಗಿದೆ. ಕಳೆದ ಭಾನುವಾರ ನಾವಿಬ್ಬರೂ ಬಸ್ಸಿನಲ್ಲಿ ನಾರಾಯಣಪೇಟೆಗೆ ಹೋಗಿಬಂದೆವು. ದಾರಿಯಲ್ಲಿ ಒಮ್ಮೆ ನನ್ನ ಕೈ ಗಟ್ಟಿಯಾಗಿ ಹಿಡಿದ. ಇಳಿಯಲಿಲ್ಲ. ಮುಂದಿನ ಭಾನುವಾರ ಅವನ ಜೊತೆ ಹೋಗಲು ಇನ್ನೊಬ್ಬರು ಬೇಕು. ನಿಮ್ಮಲ್ಲಿ ಯಾರು ಬರುತ್ತೀರಿ?